ಹಸಿದ ಪ್ರಾಣಿಗೆ ಭಯ, ನೋವು ಯಾಕೆ ಲೆಕ್ಕಕ್ಕಿಲ್ಲ?

ಹಸಿದ ಪ್ರಾಣಿ ಭಯ, ನೋವು ಎಲ್ಲ ಬಿಟ್ಟು ಆಹಾರದ ಹಿಂದೆ ಬೀಳುತ್ತದಲ್ಲ, ಅದಕ್ಕೆ ಮೆದುಳಿನಲ್ಲೊಂದು ಸ್ವಿಚ್ ಇದೆಯಾ ಅಂತ ಕೇಳಿದ್ದೀರಿ. ಹೆಚ್ಚುಕಡಿಮೆ ಇದೆ. ಈ ವಿಷಯದ ಹುಚ್ಚು ನನಗೆ ಸ್ವಲ್ಪ ಜಾಸ್ತಿ, ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ಮೆದುಳಿನ ಬುಡದ ಹೈಪೋಥಲಾಮಸ್‌ನಲ್ಲಿ ಎಜಿಆರ್‌ಪಿ ಅನ್ನುವ ನರಕೋಶಗಳಿವೆ. ಹೊಟ್ಟೆ ಖಾಲಿಯಾದಾಗ ಬರುವ ಗ್ರೆಲಿನ್ ಹಾರ್ಮೋನ್ ಇವನ್ನು ಕೆರಳಿಸುತ್ತದೆ. ಕೊಬ್ಬಿನಿಂದ ಬರುವ ಲೆಪ್ಟಿನ್ ತಣ್ಣಗೆ ಮಾಡುತ್ತದೆ. 2005ರಲ್ಲಿ ವಿಜ್ಞಾನಿಗಳು ದೊಡ್ಡ ಇಲಿಗಳಲ್ಲಿ (ಮರಿಗಳಲ್ಲಲ್ಲ) ಈ ಕೋಶಗಳನ್ನು ಮಾತ್ರ ನಾಶ ಮಾಡಿ ನೋಡಿದರು. ಅವು ತಿನ್ನುವುದನ್ನೇ ಬಿಟ್ಟವು. 2011ರಲ್ಲಿ ನರವಿಜ್ಞಾನಿ ಸ್ಕಾಟ್ ಸ್ಟರ್ನ್‌ಸನ್ ತಂಡ ಉಲ್ಟಾ ಮಾಡಿತು, ಬೆಳಕು ಹಾಯಿಸಿ ಇದೇ ಕೋಶಗಳನ್ನು ಚಾಲೂ ಮಾಡಿತು. ಹೊಟ್ಟೆ ತುಂಬಿದ್ದ ಇಲಿಗಳು ಕೆಲವೇ ನಿಮಿಷದಲ್ಲಿ ಗಬಗಬ ಮುಕ್ಕತೊಡಗಿದವು.

ನೀವು ಕೇಳಿದ ಭಯ, ನೋವಿನ ವಿಷಯವೂ ಇಲ್ಲೇ ಇದೆ. ಈ ಕೋಶಗಳು ಚುರುಕಾದರೆ ಇಲಿ ಸಾಮಾನ್ಯವಾಗಿ ಹೆದರುವ ಬಯಲು ಜಾಗಕ್ಕೂ ನುಗ್ಗುತ್ತದೆ. ಊತ ಬಂದು ದಿನಗಟ್ಟಲೆ ಕಾಡುವ ನೋವು ತಗ್ಗುತ್ತದೆ. ಬಿಸಿ ತಾಗಿದಂಥ ಥಟ್ಟನೆಯ ನೋವು ಮಾತ್ರ ಹಾಗೇ ಇರುತ್ತದೆ. ಇದು ನನಗೆ ತುಂಬಾ ಜಾಣ ಏರ್ಪಾಡು ಅನಿಸುತ್ತದೆ. ಹಳೆ ಗಾಯ ಊಟ ಮುಗಿಯುವ ತನಕ ಕಾಯಬಹುದು, ಈಗ ಸುಡುತ್ತಿರುವ ಕಾಲು ಕಾಯುವುದಿಲ್ಲ, ಅಲ್ವಾ? ಆಹಾರವೇ ಇಲ್ಲದ ಗೂಡಿನಲ್ಲಿ ಈ ಕೋಶಗಳನ್ನು ಚಾಲೂ ಮಾಡಿದರೆ ಇಲಿ ಸುಮ್ನೆ ಅಗೆಯುತ್ತಾ, ಮಾಡಿದ್ದನ್ನೇ ಮಾಡುತ್ತಾ ಇರುತ್ತದೆ.

ಈ ಕೋಶಗಳ ಚಟುವಟಿಕೆ ಪ್ರಾಣಿಗೆ ಹಿತವಲ್ಲ. ಎಲ್ಲಿ ಇವನ್ನು ಚಾಲೂ ಮಾಡಿದ್ದರೋ ಆ ಜಾಗವನ್ನು ಇಲಿಗಳು ಆಮೇಲೆ ದೂರವಿಟ್ಟವು. ಹಾಗಾದರೆ ಆ ಕಿರಿಕಿರಿ ನಿಲ್ಲಿಸಲು ಪ್ರಾಣಿ ತಿನ್ನುತ್ತದೆ ಅಂತ ನೀವು ಅಂದುಕೊಳ್ಳಬಹುದು. ಅಲ್ಲೇ ತೊಡಕು. 2015ರಲ್ಲಿ ನರವಿಜ್ಞಾನಿ ಜಕಾರಿ ನೈಟ್ ತಂಡ ಈ ಕೋಶಗಳನ್ನು ನೇರವಾಗಿ ಗಮನಿಸಿತು. ಹಸಿದ ಇಲಿಯ ಮುಂದೆ ಆಹಾರ ಇಟ್ಟರೆ ಸಾಕು, ಒಂದು ತುತ್ತೂ ಒಳಗೆ ಹೋಗುವ ಮೊದಲೇ, ಕ್ಷಣಗಳಲ್ಲಿ ಇವು ಸುಮ್ಮನಾದವು. ರುಚಿಯಾದ ಆಹಾರವಾದರೆ ಇನ್ನೂ ಜಾಸ್ತಿ. ಕಣ್ಣಿಗೆ ಕಂಡು ಬಾಯಿಗೆ ಸಿಗದಿದ್ದರೆ ಮತ್ತೆ ಚುರುಕಾದವು. ಅಂದರೆ ಇವು ಮುಂದೆ ಬರಲಿರುವ ಊಟವನ್ನು ಅಂದಾಜು ಮಾಡುತ್ತವೆ. ಹೊಟ್ಟೆಗೆ ನಿಜವಾಗಿ ಪೋಷಕಾಂಶ ಬಿದ್ದರೆ ಮಾತ್ರ ಆ ಮೌನ ಉಳಿಯುತ್ತದೆ.

ಕೋಶಗಳೇ ಸುಮ್ಮನಾದ ಮೇಲೆ ಇಲಿ ತಿನ್ನುತ್ತಲೇ ಇರುವುದು ಹೇಗೆ? ಅದೇ ತಂಡ ಮುಂದೆ ಇದನ್ನೂ ಹುಡುಕಿತು. ಆಹಾರ ಕೊಡುವ ಮೊದಲು ಸ್ವಲ್ಪ ಹೊತ್ತು ಕೋಶಗಳನ್ನು ಚಾಲೂ ಮಾಡಿ, ಬಂದ್ ಮಾಡಿ, ಆಮೇಲೆ ಆಹಾರ ಕೊಟ್ಟರು. ಇಲಿಗಳು ಆಗಲೂ ಹೊಟ್ಟೆಬಿರಿಯ ತಿಂದವು. ಕೋಶಗಳು ಬಿಟ್ಟುಹೋಗುವ ಎನ್‌ಪಿವೈ ಅನ್ನುವ ರಾಸಾಯನಿಕ ಆ ಹಸಿವನ್ನು ಹಿಡಿದಿಡುತ್ತದೆ. ಎನ್‌ಪಿವೈ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ಆ ಕೋಶಗಳಿಗಷ್ಟೇ ಎನ್‌ಪಿವೈ ವಾಪಸ್ ಕೊಟ್ಟಾಗ ಮತ್ತೆ ಕಂಡಿತು.