ಹದಿನೆಂಟು ಸಾವಿರ ಫಾಲೋವರ್ಸ್, ತಿಂಗಳಿಗೆ ಎರಡು ವಿಚಾರಣೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹಳೆಯ ಮರದ ಕುರ್ಚಿ, ಮೇಜು ರಿಪೇರಿ ಮಾಡುವ ಮಹಿಳೆ, ವಯಸ್ಸು ನಲವತ್ತರ ಆಸುಪಾಸು. ಇನ್‌ಸ್ಟಾಗ್ರಾಂನಲ್ಲಿ 18,000 ಫಾಲೋವರ್ಸ್ ಇದ್ದರೂ ರಿಪೇರಿ ಮಾಡಿಕೊಡುತ್ತೀರಾ ಎಂದು ವಿಚಾರಿಸುವ ಮೆಸೇಜು ತಿಂಗಳಿಗೆ ಎರಡೋ ಮೂರೋ. “ಇಷ್ಟು ಜನ ನೋಡಿಯೂ ಯಾರೂ ಕೇಳುವುದಿಲ್ಲ ಎಂದರೆ ನನ್ನ ಕೆಲಸದಲ್ಲೇ ಏನೋ ಕೊರತೆ ಇರಬೇಕು” ಎಂಬ ಕೊರಗು ಅವರಿಗೆ. ಬೆಳಗ್ಗೆ ಎದ್ದ ಕೂಡಲೇ, ರಾತ್ರಿ ಮಲಗುವ ಮುಂಚೆ ಆ ಸಂಖ್ಯೆ ನೋಡುವುದು ಚಟದಂತಾಗಿತ್ತು.

ಸಲಹೆ ಕೇಳಿ ಅವರು ನನ್ನ ಬಳಿ ಬಂದಾಗ, ಕೆಲಸದ ಗುಣಮಟ್ಟದ ಮಾತನ್ನು ಬದಿಗಿಟ್ಟು, ಈ 18,000 ಜನ ಯಾರು ಎಂದು ಮೊದಲು ನೋಡಲಾಯಿತು. ಪ್ರೊಫೆಷನಲ್ ಖಾತೆಯಲ್ಲಿ ಅಂಕಿಅಂಶ ತೋರಿಸುವ ಇನ್‌ಸೈಟ್ಸ್‌ನಲ್ಲಿ ಫಾಲೋವರ್ಸ್‌ನ ಊರು, ದೇಶ, ವಯಸ್ಸು ಸಿಗುತ್ತದೆ. ಇವರು ಕೆಲಸ ಒಪ್ಪಿಕೊಳ್ಳುವುದು ತಮ್ಮ ನಗರದಲ್ಲಿ ಮಾತ್ರ. ಮುಖ್ಯ ಊರುಗಳ ಪಟ್ಟಿಯಲ್ಲಿ ಆ ನಗರದ ಹೆಸರೇ ಇರಲಿಲ್ಲ. ಕಾರಣವನ್ನು ಅವರೇ ಹೇಳಿದರು: ಶುರುವಿನಲ್ಲಿ 5,000 ಫಾಲೋವರ್ಸ್ ದುಡ್ಡು ಕೊಟ್ಟು ಕೊಂಡಿದ್ದರು. ಆಮೇಲೆ “ಫಾಲೋ ಮಾಡಿ, ಮೂವರನ್ನು ಟ್ಯಾಗ್ ಮಾಡಿ, ಫೋನ್ ಗೆಲ್ಲಿ” ಎಂಬ ಸ್ಪರ್ಧೆ ಇಟ್ಟಿದ್ದರು. ಫೋನಿನ ಆಸೆಗೆ ಬಂದವರಿಗೆ ಕುರ್ಚಿಯ ಗೊಡವೆ ಯಾಕೆ?

ಇಂಥ ಫಾಲೋವರ್ಸ್‌ನಿಂದ ಲಾಭವಿಲ್ಲ ಎಂಬುದಷ್ಟೇ ಅಲ್ಲ, ನಷ್ಟವೂ ಇದೆ. ಪೋಸ್ಟ್ ಕಂಡವರು ಎಷ್ಟು ಹೊತ್ತು ನೋಡಿದರು, ಲೈಕ್ ಮಾಡಿದರೇ, ಇನ್ನೊಬ್ಬರಿಗೆ ಕಳಿಸಿದರೇ ಎಂಬ ಮೂರೂ, ಪೋಸ್ಟನ್ನು ಇನ್ನೆಷ್ಟು ಜನಕ್ಕೆ ತೋರಿಸಬೇಕೆಂದು ತೀರ್ಮಾನಿಸಲು ಬಹಳ ಮುಖ್ಯ ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೇರಿ 2025ರಲ್ಲಿ ಹೇಳಿದ್ದಾರೆ. ಹೊಸಬರನ್ನು ಮುಟ್ಟಲು ‘ಕಳಿಸುವುದು’ ಹೆಚ್ಚು ಮುಖ್ಯ. ಕೊಂಡ ಖಾತೆಗಳು ಸಾಮಾನ್ಯವಾಗಿ ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ.

ನಕಲಿ ಎಂದು ಕಣ್ಣಿಗೇ ಕಾಣುವ ಖಾತೆಗಳನ್ನು ದಿನಕ್ಕೆ ನಲವತ್ತು, ಐವತ್ತರಂತೆ ಕೈಯಾರೆ ತೆಗೆಯುವುದು ಮೊದಲ ಸಲಹೆ. ಪಾಸ್‌ವರ್ಡ್ ಕೇಳುವ ಹೊರಗಿನ ಆ್ಯಪ್ ಬೇಡವೇ ಬೇಡ, ಖಾತೆಯೇ ಕೈತಪ್ಪಬಹುದು. ಇಲ್ಲಿ ಅವರು ಗಟ್ಟಿಯಾಗಿ ತಡೆದರು: “ಸಂಖ್ಯೆ ಇಳಿದರೆ ಜನ ಏನಂದುಕೊಳ್ಳುತ್ತಾರೆ, ಸರ್?” ಆ ಭಯವನ್ನು ತಳ್ಳಿಹಾಕುವಂತಿರಲಿಲ್ಲ. ಹಿಂದಿನ ಹತ್ತು ಗಿರಾಕಿಗಳಿಗೆ ಫೋನ್ ಮಾಡಿ, ಯಾಕೆ ಇವರನ್ನೇ ಆರಿಸಿದಿರಿ ಎಂದು ಕೇಳಲು ಹೇಳಲಾಯಿತು. ಫಾಲೋವರ್ಸ್ ಎಷ್ಟಿದ್ದಾರೆ ಎಂದು ನೋಡಿದ್ದೆ ಎಂದವರು ಒಬ್ಬರೂ ಇರಲಿಲ್ಲ. ಆ ಸಂಜೆಯೇ ತೆಗೆಯಲು ಕೂತರು.

ಅದೇ ಫೋನ್ ಕರೆಗಳಿಂದ ಇನ್ನೊಂದು ಲಾಭವಾಯಿತು. ಗಿರಾಕಿಗಳು ಮೊಟ್ಟಮೊದಲು ಕೇಳಿದ್ದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಂಡರು. “ಎರಡು ಸಲ ಅಂಟು ಹಾಕಿಸಿದರೂ ಕುರ್ಚಿ ಮತ್ತೆ ಅಲ್ಲಾಡುತ್ತದೆ, ಯಾಕೆ?” ಎಂಬುದು ಮೂರು ಕಡೆ ಬಂತು. ಅದೇ ಮೊದಲ ರೀಲ್ ಆಯಿತು. ಶುರುವಿನ ಮೂರು ಸೆಕೆಂಡು ಕುರ್ಚಿ ಅಲ್ಲಾಡುವ ಸದ್ದು, ಮುಖ ಇಲ್ಲ, ಹಾಡು ಇಲ್ಲ. ಆಮೇಲೆ ಕಾಲು ಬಿಚ್ಚಿ, ಸಂದಿನಲ್ಲಿ ಗಾಜಿನಂತೆ ಹೊಳೆಯುವ ಹಳೆಯ ಅಂಟನ್ನು ಉಗುರಿನಿಂದ ಕೆರೆದು ತೋರಿಸುತ್ತಾರೆ: ಒಣಗಿದ ಅಂಟಿನ ಮೇಲೆ ಹೊಸ ಅಂಟು ಸಾಮಾನ್ಯವಾಗಿ ಸರಿಯಾಗಿ ಕಚ್ಚುವುದಿಲ್ಲ, ಮರ ಕಾಣುವತನಕ ಹೆರೆಯಬೇಕು. ಒಟ್ಟು 40 ಸೆಕೆಂಡು. ಅಲ್ಲಾಡುವ ಕುರ್ಚಿ ಇರುವವರು ಇದನ್ನು ಮನೆಯವರಿಗೆ ಕಳಿಸಿಯೇ ಕಳಿಸುತ್ತಾರೆ. ‘ಮೊದಲು–ನಂತರ’ ಎಂಬ ಚಂದದ ಫೋಟೊಗಳಿಗೆ ಲೈಕ್ ಬರುತ್ತದೆ, ಆದರೆ ಗಿರಾಕಿಯ ಕೈಹಿಡಿದು ಕರೆತರುವುದು ಇಂಥ ವಿಡಿಯೊ.

ಪ್ರೊಫೈಲಿನ ‘ನೇಮ್’ ಜಾಗದಲ್ಲಿ ಕಾವ್ಯಮಯ ಹೆಸರಿತ್ತು. ಹುಡುಕಾಟದಲ್ಲಿ ಆ ಜಾಗವೂ ಲೆಕ್ಕಕ್ಕೆ ಬರುವುದರಿಂದ ಅಲ್ಲಿ ಕಸುಬು ಮತ್ತು ನಗರದ ಹೆಸರು ಹಾಕಿಸಲಾಯಿತು. 14 ದಿನಗಳಲ್ಲಿ ಎರಡೇ ಸಲ ಬದಲಿಸಬಹುದು, ಆದ್ದರಿಂದ ಯೋಚಿಸಿ ಬರೆಯಬೇಕು. ಅವರು ಹಾಕುತ್ತಿದ್ದ ಜಾಹೀರಾತಿನ ಗುರಿಯನ್ನು ‘ಪ್ರೊಫೈಲ್ ಭೇಟಿ’ಯಿಂದ ‘ಮೆಸೇಜು’ಗಳಿಗೆ ಬದಲಿಸಿ, ಕೆಲಸ ಒಪ್ಪಿಕೊಳ್ಳುವ ಪ್ರದೇಶಕ್ಕಷ್ಟೇ ಸೀಮಿತ ಮಾಡಿದರು. ಅದೇ ನಗರದ ಒಳಾಂಗಣ ವಿನ್ಯಾಸಕಾರರೊಬ್ಬರ ಜೊತೆ ‘ಕೊಲ್ಯಾಬ್’ ಪೋಸ್ಟ್ (ಇಬ್ಬರ ಹೆಸರಿನಲ್ಲೂ ಬರುವ ಒಂದೇ ಪೋಸ್ಟ್) ಹಾಕಿದರು. ಇಬ್ಬರ ಫಾಲೋವರ್ಸ್‌ಗೂ ಕಾಣುವುದರಿಂದ ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಆ ಊರಿನವರೇ.

ಸಂಖ್ಯೆ ನೋಡುವ ಚಟಕ್ಕೆ ಬದಲಾಗಿ ಒಂದು ನೋಟ್‌ಬುಕ್: ಯಾರು ಕೇಳಿದರು, ಯಾವ ಪೋಸ್ಟ್ ನೋಡಿ ಬಂದರು, ಕೆಲಸ ಸಿಕ್ಕಿತೇ. ವಾರಕ್ಕೊಮ್ಮೆ, ಸೋಮವಾರ ಮಾತ್ರ.

ನಾಲ್ಕು ತಿಂಗಳ ನಂತರ ಫಾಲೋವರ್ಸ್ 13,000ಕ್ಕೆ ಇಳಿದಿದ್ದರು, ವಿಚಾರಣೆ ತಿಂಗಳಿಗೆ ಹತ್ತಕ್ಕೆ ಏರಿತ್ತು. ಸ್ಪರ್ಧೆಗೆಂದು ಬಂದವರಲ್ಲಿ ಬಹಳ ಜನ ಇನ್ನೂ ಉಳಿದಿದ್ದಾರೆ; ನಿಜವಾದ ಮನುಷ್ಯರಾದ್ದರಿಂದ ಅವರನ್ನು ತೆಗೆಯಲು ಹೇಳಲಿಲ್ಲ. ರಾತ್ರಿ ಫೋನ್ ನೋಡುವುದು ಪೂರ್ತಿ ನಿಂತಿಲ್ಲ; ಮುಂದಿನ ಭೇಟಿಯಲ್ಲಿ ಮಾತು ಅದರದೇ.