ಹಳೇ ಫೈಬರ್ ದೋಣಿಗೆ ಬಿಲ್ಜ್ ಪಂಪ್: ಎಷ್ಟು ದೊಡ್ಡದು ಬೇಕು, ಹೇಗೆ ಕೂರಿಸೋದು?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು. ಕೊಡಗಿನ ಸಿದ್ದಾಪುರದ ಕಡೆ ನಿಮ್ಮ ಕಾಫಿ ತೋಟ, ಅದರೊಳಗೊಂದು ಕೆರೆ, ಮಂಗಳೂರಿಂದ ತಂದ ಇಪ್ಪತ್ತು ವರ್ಷ ಹಳೆಯ 14 ಅಡಿ ಫೈಬರ್ ದೋಣಿ, ಅದರ ಹಿಂದೆ ಸಣ್ಣ ಔಟ್‌ಬೋರ್ಡ್ ಮೋಟಾರ್. ರಾತ್ರಿ ಮಳೆ ಹೊಡೆದರೆ ಬೆಳಿಗ್ಗೆ ದೋಣಿಯಲ್ಲಿ ಪಾದ ಮುಳುಗುವಷ್ಟು ನೀರು. ದೋಣಿಯ ತಳದಲ್ಲಿ ನಿಂತ ನೀರನ್ನ ಆಚೆ ಹೊಡೆಯೋ ಪಂಪೇ ಬಿಲ್ಜ್ ಪಂಪು. ಅಂಗಡಿಯವರು 2000 ಜಿಪಿಎಚ್, ಅಂದರೆ ಗಂಟೆಗೆ 2000 ಗ್ಯಾಲನ್ ಹೊಡೆಯೋ ಪಂಪೇ ಇರಲಿ ಅಂದಿದ್ದಾರೆ. ಸ್ನೇಹಿತರೊಬ್ಬರು ಫುಟ್‌ವಾಲ್ವ್ (ಪೈಪಿನ ನೀರು ವಾಪಸ್ ಇಳಿಯದ ಹಾಗೆ ಬುಡದಲ್ಲಿ ತಡೆಯೋ ವಾಲ್ವ್) ಇಲ್ಲದೆ ಪಂಪ್ ಕೂರಿಸಲೇಬೇಡ ಅಂದಿದ್ದಾರೆ. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ಇಬ್ಬರದೂ ಬೇಡ. ಸುಂಟಿಕೊಪ್ಪದ ಹತ್ತಿರ ಇಂಥದ್ದೇ ಒಂದು ದೋಣಿಯನ್ನ ಒಂಬತ್ತು ವರ್ಷದಿಂದ ಸಾಕ್ತಾ ಇದ್ದೀನಿ. ಸಾಕೋದು ಅನ್ನೋದೇ ಸರಿಯಾದ ಮಾತು, ಹಸುವಿನ ಹಾಗೆ ದಿನಾ ಒಂದ್ಸಲ ಹೋಗಿ ನೋಡಲೇಬೇಕು. ಇಷ್ಟರಲ್ಲಿ ಎರಡು ಸಲ ಮುಳುಗಿಸಿದ್ದೀನಿ. ಎರಡು ಸಲವೂ ಪಂಪ್ ನೆಟ್ಟಗೇ ಇತ್ತು. ಕೆಟ್ಟಿದ್ದು ಅದರ ಸುತ್ತಮುತ್ತಲಿನದು. ಅದಕ್ಕೇ ಪಂಪಿನ ಸೈಜಿಗಿಂತ ಉಳಿದದ್ದರ ಬಗ್ಗೆ ಜಾಸ್ತಿ ಬರೀತೀನಿ, ಸಹಿಸಿಕೊಳ್ಳಿ.

ಮೊದಲು ಆ ನೀರು ಮಳೆಯದ್ದೋ ಕೆರೆಯದ್ದೋ ಗೊತ್ತು ಮಾಡಿಕೊಳ್ಳಿ. ಮಳೆಯಿಲ್ಲದ ದಿನ ಒಣಗಿಸಿ, ಟಾರ್ಪಾಲು ಮುಚ್ಚಿ, ಎರಡು ರಾತ್ರಿ ನೀರಿನ ಮೇಲೇ ಬಿಡಿ. ಆಮೇಲೂ ನೀರು ಬಂದಿದ್ದರೆ ಅದು ಸೋರಿಕೆ. ಆಗ ದೋಣಿಯನ್ನ ದಡಕ್ಕೆಳೆದು, ಅಡಿಗೆ ಟೈರೋ ಮರದ ದಿಮ್ಮಿಯೋ ಚೆನ್ನಾಗಿ ಕೊಟ್ಟು, ಒಳಗೆ ಎರಡು ಮೂರು ಇಂಚು ನೀರು ನಿಲ್ಲಿಸಿ ಕೆಳಗಿನಿಂದ ನೋಡಿ. ಎಲ್ಲಿ ತೊಟ್ಟಿಕ್ಕುತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹಳೇ ದೋಣಿಗಳಲ್ಲಿ ಸಾಮಾನ್ಯವಾಗಿ ಸಿಗೋದು ಹಿಂದಿನ ಡ್ರೈನ್ ಪ್ಲಗ್ಗಿನ ಸುತ್ತ, ಇಲ್ಲ ಮೋಟಾರ್ ಬೋಲ್ಟಿನ ತೂತಿನ ಸುತ್ತ. ಮೋಟಾರ್ ತೂಗುವ ಹಿಂದಿನ ಹಲಗೆಯನ್ನ ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ತಟ್ಟಿ. ಟಣ್ ಅಂದರೆ ಗಟ್ಟಿ. ದಬ್ ಅಂದರೆ ಫೈಬರ್ ಪದರದ ನಡುವಿನ ಪ್ಲೈವುಡ್ ನೀರು ಕುಡಿದು ಕೊಳೆತಿದೆ ಅಂತ. ಅದನ್ನ ರಿಪೇರಿ ಮಾಡಿಸದೆ ಪಂಪಿಗೆ ದುಡ್ಡು ಸುರಿಯಬೇಡಿ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗಿರುವ ಒಂದಿಂಚಿನ ತೂತಿನಿಂದ ನಿಮಿಷಕ್ಕೆ 45 ಲೀಟರಿನ ಆಸುಪಾಸು ನೀರು ಒಳಗೆ ಬರುತ್ತೆ. ಅದನ್ನ ಬ್ಯಾಟರಿ ಪಂಪಿನಲ್ಲಿ ಗೆಲ್ತೀನಿ ಅನ್ನೋದು ಆಗದ ಮಾತು.

ನಿಮ್ಮದು ಮಳೆನೀರೇ ಅಂತ ನನ್ನ ಅಂದಾಜು, ಯಾಕೆಂದರೆ ಲೆಕ್ಕ ಹೊಂದುತ್ತೆ. 14 ಅಡಿ ದೋಣಿಯ ತೆರೆದ ಬಾಯಿ ಸುಮಾರು 5 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ 250 ಲೀಟರ್. ಕಕ್ಕಡದಲ್ಲಿ, ಅಂದರೆ ನಮ್ಮ ಜೋರು ಮಳೆಯ ತಿಂಗಳಲ್ಲಿ, ಒಂದು ದಿನ 100 ಮಿಲಿಮೀಟರ್ ಸುರಿದರೆ 500 ಲೀಟರ್, ಅಂದರೆ ಅರ್ಧ ಟನ್ ಭಾರ. ಕೇಳೋಕೆ ಭಯವಾಗುತ್ತೆ, ಆದರೆ ಪಂಪಿಗೆ ಇದು ದೊಡ್ಡ ಕೆಲಸವಲ್ಲ. 500 ಜಿಪಿಎಚ್ ಅಂದರೆ ಗಂಟೆಗೆ 500 ಅಮೆರಿಕನ್ ಗ್ಯಾಲನ್, ಹತ್ತಿರ ಹತ್ತಿರ 1,900 ಲೀಟರ್. ಅದರಲ್ಲಿ ಅರ್ಧ ಹೊಡೆದರೂ ಅರ್ಧ ಗಂಟೆಯಲ್ಲಿ ಇಡೀ ದಿನದ ಮಳೆ ಆಚೆ.

ಅರ್ಧ ಅಂತ ಸುಮ್ಮನೆ ಹೇಳಲಿಲ್ಲ. ಡಬ್ಬಿಯ ಮೇಲಿನ ಸಂಖ್ಯೆ ಪೈಪೇ ಇಲ್ಲದೆ, ನೀರನ್ನ ಒಂದಿಂಚೂ ಮೇಲೆತ್ತದೆ, ಬ್ಯಾಟರಿ ಪೂರ್ತಿ ಚಾರ್ಜಿನಲ್ಲಿರುವಾಗ ಅಳೆದದ್ದು. ತೋಟದಲ್ಲಿ ಸ್ಪ್ರಿಂಕ್ಲರ್ ಓಡಿಸಿದವರಿಗೆ ಹೆಡ್, ಅಂದರೆ ನೀರು ಎತ್ತಬೇಕಾದ ಎತ್ತರ, ಜಾಸ್ತಿಯಾದಷ್ಟೂ ನೀರು ಕಮ್ಮಿ ಅಂತ ನಾನು ಹೇಳಬೇಕಾಗಿಲ್ಲ. ನನ್ನ 500ರ ಪಂಪನ್ನ ಮೊದಲ ಸಲ ಕೂರಿಸಿದಾಗ 20 ಲೀಟರಿನ ಪೇಂಟ್ ಬಕೆಟ್ಟು, ಮೊಬೈಲಿನ ಸ್ಟಾಪ್‌ವಾಚು ಇಟ್ಟುಕೊಂಡು ನೋಡಿದೆ. ಲೆಕ್ಕದ ಪ್ರಕಾರ 38 ಸೆಕೆಂಡಿನಲ್ಲಿ ತುಂಬಬೇಕು. ತುಂಬಿದ್ದು 75 ಸೆಕೆಂಡಿಗೆ. ಪಂಪೇ ದಂಡ ಅಂತ ಬೈದೆ. ಆಮೇಲೆ ಸುಕ್ಕುಸುಕ್ಕಿನ ಪೈಪು ಕಿತ್ತು, ಒಳಗೆ ನುಣುಪಾಗಿರುವ ಪೈಪು ಹಾಕಿ, ವೈರು ದಪ್ಪ ಮಾಡಿದೆ. ಅದೇ ಪಂಪು, ಅದೇ ಬಕೆಟ್ಟು, 52 ಸೆಕೆಂಡ್.

ಹಾಗಾಗಿ ನಿಮ್ಮ ದೋಣಿಗೆ 500ರಿಂದ 1000ದೊಳಗೆ ಯಾವುದಾದರೂ ಸಾಕು. ನಾನು ಇವತ್ತು ಹೊಸದು ತರೋದಾದರೆ 800 ತರ್ತೀನಿ. 2000ದ್ದು ಬೇಡ ಅನ್ನೋದಕ್ಕೆ ಕಾರಣ ಕರೆಂಟು. 500ರದ್ದು ಎರಡು ಎರಡೂವರೆ ಆಂಪಿಯರಿನಲ್ಲಿ ಮುಗಿಸುತ್ತೆ. 2000ದ್ದಕ್ಕೆ 8 ಆಂಪಿಯರ್ ಬೇಕು, ದಪ್ಪ ಪೈಪು ಬೇಕು, ದಪ್ಪ ವೈರು ಬೇಕು. ರೂಲ್, ಸೀಫ್ಲೋ ಥರದ ಕಂಪನಿಗಳ ಪಂಪು ಆನ್‌ಲೈನಿನಲ್ಲೇ ಸಿಗುತ್ತವೆ. ಸಂಪಾಜೆ ಘಾಟಿ ಇಳಿದು ಮಂಗಳೂರಿನ ಮೀನುಗಾರಿಕೆ ದಕ್ಕೆ ಸುತ್ತಮುತ್ತಲ ಅಂಗಡಿಗಳಿಗೆ ಹೋದರೆ ಕೈಯಲ್ಲಿ ಹಿಡಿದು ನೋಡಿ ತರಬಹುದು, ಪೈಪು ಕ್ಲಿಪ್ಪು ಎಲ್ಲ ಒಂದೇ ಕಡೆ ಆಗುತ್ತೆ. ಕೊಳ್ಳುವಾಗ ಜಾಲರಿಯ ಬುಡ ಟಕ್ ಅಂತ ಬಿಚ್ಚಿ ಬರುತ್ತಾ ನೋಡಿ. ತಿಂಗಳಿಗೆ ನಾಲ್ಕು ಸಲ ಬಿಚ್ಚಬೇಕಾಗುತ್ತೆ.

ಇನ್ನು ಫುಟ್‌ವಾಲ್ವ್ ವಿಚಾರ. ನಿಮ್ಮ ಸ್ನೇಹಿತರ ತಪ್ಪಲ್ಲ, ನಮ್ಮ ಕಡೆ ಪಂಪ್ ಅಂದರೆ ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹೊಡೆಯುವ ಪಂಪೇ. ಅದು ದಡದ ಮೇಲೆ ಕೂತು ಕೆರೆಯಿಂದ ನೀರು ಎಳೆಯಬೇಕು, ಪೈಪು ಖಾಲಿಯಾದರೆ ಏರ್ ಹಿಡಿಯುತ್ತೆ, ಅದಕ್ಕೆ ಫುಟ್‌ವಾಲ್ವ್ ಬೇಕು. ಬಿಲ್ಜ್ ಪಂಪ್ ನೀರಿನೊಳಗೇ ಕೂತಿರುತ್ತೆ, ಎಳೆಯೋದೇನೂ ಇಲ್ಲ, ತಳ್ಳೋದು ಮಾತ್ರ. ಅದರ ದಾರಿಯಲ್ಲಿ ವಾಲ್ವ್ ಹಾಕಿದರೆ ನೀರು ಕಮ್ಮಿಯಾಗುತ್ತೆ. ಜೊತೆಗೆ ಒಂದು ಚೂರು ಕಸ ಸಿಕ್ಕಿ ವಾಲ್ವ್ ಮುಚ್ಚಿಕೊಂಡರೆ ಪಂಪು ಸುಮ್ಮನೆ ಗುಂಯ್‌ಗುಡ್ತಾ ಇರುತ್ತೆ. ವಾಲ್ವ್ ಇಲ್ಲದಿದ್ದರೆ ಪಂಪ್ ನಿಂತಾಗ ಪೈಪಿನಲ್ಲಿದ್ದ ಅರ್ಧ ಲೀಟರೋ ಒಂದು ಲೀಟರೋ ವಾಪಸ್ ಇಳಿಯುತ್ತೆ, ನಿಜ. ಇಳೀಲಿ ಬಿಡಿ. ಪೈಪು ಗಿಡ್ಡ ಮಾಡಿ, ಫ್ಲೋಟ್ ಸ್ವಿಚ್ಚನ್ನ (ನೀರು ಏರಿದಾಗ ತೇಲಿ ಎದ್ದು ಪಂಪನ್ನ ತಾನೇ ಆನ್ ಮಾಡುವ ಸ್ವಿಚ್ಚು) ಪಂಪಿನ ಬುಡಕ್ಕಿಂತ ಒಂದು ಬೆರಳು ಎತ್ತರದಲ್ಲಿಡಿ. ಆ ಒಂದು ಲೀಟರಿಗೆ ಅದು ಮತ್ತೆ ಮತ್ತೆ ಆನ್ ಆಗಲ್ಲ.

ಪಂಪ್ ಕೂರೋ ಜಾಗವನ್ನ ದಡದಲ್ಲಿ ನಿಂತು ತೀರ್ಮಾನಿಸಬೇಡಿ. ಮೋಟಾರ್, ಬ್ಯಾಟರಿ, ಪೆಟ್ರೋಲ್ ಕ್ಯಾನ್ ಎಲ್ಲ ಇಟ್ಟು, ದೋಣಿಯನ್ನ ನೀರಿನ ಮೇಲೆ ಬಿಟ್ಟು, ಒಂದು ಬಕೆಟ್ ನೀರು ಒಳಗೆ ಸುರಿಯಿರಿ. ಎಲ್ಲಿ ಹೋಗಿ ನಿಲ್ಲುತ್ತೋ ಅದೇ ಜಾಗ. ಮುಂದಿನಿಂದ ನೀರು ಅಲ್ಲಿಗೆ ಹರಿದು ಬರೋ ದಾರಿಯೂ ಇರಬೇಕು. ದೋಣಿಯ ಒಳಗಿನ ಅಡ್ಡ ಪಟ್ಟಿಗಳ ಬುಡದಲ್ಲಿ ಸಣ್ಣ ತೂತುಗಳಿರುತ್ತವೆ, ಅವು ಕೆಸರು ಕಟ್ಟಿರುತ್ತವೆ. ಸೈಕಲ್ ಕಡ್ಡಿಯಲ್ಲಿ ಚುಚ್ಚಿ ಬಿಡಿಸಿ.

ಪಂಪಿನ ಬುಡವನ್ನ ದೋಣಿಯ ತಳಕ್ಕೇ ನೇರ ಸ್ಕ್ರೂ ಹೊಡೆಯಬೇಡಿ. ಹಳೇ ಫೈಬರ್ ಎಷ್ಟು ತೆಳ್ಳಗಾಗಿದೆಯೋ ಯಾರಿಗೆ ಗೊತ್ತು. 12 ಮಿಲಿಮೀಟರ್ ಮರೀನ್ ಪ್ಲೈವುಡ್ಡಿನ ಅಂಗೈ ಅಗಲದ ತುಂಡು ತಗೊಂಡು, ಆರೂ ಮುಖಕ್ಕೆ ಎಪಾಕ್ಸಿ ಬಳಿದು ಒಣಗಿಸಿ. ತಳದ ಜಿಡ್ಡನ್ನ ಅಸಿಟೋನಿನಲ್ಲಿ ಒರೆಸಿ, ಒರಟು ಉಪ್ಪು ಕಾಗದದಲ್ಲಿ ಚೆನ್ನಾಗಿ ಉಜ್ಜಿ, ಎಪಾಕ್ಸಿಯಲ್ಲೇ ಅಂಟಿಸಿ. ಪಂಪಿನ ಬುಡಕ್ಕೆ ಸ್ಟೀಲ್ ಸ್ಕ್ರೂ, ಪ್ಲೈವುಡ್ ದಾಟದಷ್ಟು ಗಿಡ್ಡದು. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆ ಕೊಳೆಯಲ್ಲ ಅಂತ ಅದನ್ನ ಹಾಕೋಕೆ ಹೋಗಬೇಡಿ. ಆ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಹಿಡಿಯೋದೇ ಇಲ್ಲ, ಒಂದು ವಾರಕ್ಕೆ ಎದ್ದು ಬರುತ್ತೆ.

ಈಗ ನನ್ನ ಮೊದಲ ಮುಳುಗಡೆ. ಆಗಸ್ಟ್ ತಿಂಗಳು, ಅಮ್ಮನನ್ನ ಡಾಕ್ಟರಿಗೆ ತೋರಿಸೋಕೆ ಮೈಸೂರಿಗೆ ಹೋಗಿ ನಾಲ್ಕನೇ ದಿನ ಬಂದೆ. ಕೆರೆಯಲ್ಲಿ ದೋಣಿಯ ಅಂಚು ಮಾತ್ರ ಕಾಣ್ತಿತ್ತು, ಅದರ ಮೇಲೊಂದು ಕಪ್ಪೆ ಯಜಮಾನನ ಹಾಗೆ ಕೂತಿತ್ತು. ನಾಲ್ಕು ಜನ ಸೇರಿ ಎಳೆದು, ನೀರು ಗೋರಿ ನೋಡಿದರೆ ಬ್ಯಾಟರಿ ಸತ್ತಿದೆ. ಫ್ಲೋಟ್ ಸ್ವಿಚ್ಚಿನ ಕೈಯಡಿಗೆ ಒಂದು ಸಿಲ್ವರ್ ಓಕ್ ಕಡ್ಡಿ, ಬೆಂಕಿಕಡ್ಡಿಗಿಂತ ಚೂರು ದಪ್ಪ, ಅಡ್ಡ ಸಿಕ್ಕಿ ಕೂತಿತ್ತು. ಮೊದಲ ಮಳೆಗೆ ಫ್ಲೋಟ್ ಎದ್ದಿದೆ, ಕಡ್ಡಿ ಕೆಳಗೆ ನುಗ್ಗಿದೆ, ನೀರು ಖಾಲಿಯಾದರೂ ಕೈ ಇಳಿದಿಲ್ಲ. 35 ಆಂಪಿಯರ್ ಅವರ್ ಬ್ಯಾಟರಿ, ಎರಡೂವರೆ ಆಂಪಿಯರಿನ ಪಂಪು, ಹದಿನಾಲ್ಕು ಗಂಟೆಗೆ ಎಲ್ಲ ಮುಗೀತು. ಮಾರನೇ ದಿನದ ಮಳೆಗೆ ಹೇಳೋರು ಕೇಳೋರು ಇಲ್ಲ. ಅವತ್ತಿನಿಂದ ಪಂಪು, ಫ್ಲೋಟು ಎರಡನ್ನೂ ಮುಚ್ಚುವ ಹಾಗೆ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬುಟ್ಟಿಯೊಂದನ್ನ ಬೋರಲು ಹಾಕಿ ಕಟ್ಟಿದ್ದೀನಿ. ನೀರು ಬರುತ್ತೆ, ಓಕ್ ಎಲೆ, ಹಾಲುವಾಣದ ಎಲೆ ಆಚೆಯೇ ನಿಲ್ಲುತ್ತವೆ. ಚಲಿಸುವ ಕೈ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚುಗಳೂ ಸಿಗುತ್ತವೆ, ಮರದ ನೆರಳಿನ ಕೆರೆಗೆ ಅವು ಇನ್ನೂ ಒಳ್ಳೆಯದು. ಎರಡು ಮೂರು ನಿಮಿಷಕ್ಕೊಮ್ಮೆ ತಾನೇ ತಿರುಗಿ ನೀರಿದೆಯಾ ಅಂತ ನೋಡುವ ಆಟೋ ಪಂಪು ಮಾತ್ರ ವಾರಗಟ್ಟಲೆ ಒಂಟಿ ಬಿಡುವ ದೋಣಿಗೆ ಬೇಡ, ನೀರಿಲ್ಲದಿದ್ದರೂ ಬ್ಯಾಟರಿ ತಿನ್ನುತ್ತೆ.

ಎರಡನೇ ಮುಳುಗಡೆ ವೈರಿನದ್ದು. ಜಾಯಿಂಟನ್ನ ತಿರುಚಿ ಇನ್ಸುಲೇಶನ್ ಟೇಪು ಸುತ್ತಿ ದೋಣಿಯ ತಳದಲ್ಲೇ ಬಿಟ್ಟಿದ್ದೆ. ಟೇಪು ಬಿಚ್ಚಿದರೆ ಒಳಗೆ ತಾಮ್ರವೇ ಇಲ್ಲ, ಬರೀ ಹಸಿರು ಕಿಲುಬು, ಮುಟ್ಟಿದರೆ ಪುಡಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದ ಹಾಗೆ ತವರ ಬಳಿದ ತಾಮ್ರದ ವೈರು ಸಿಗುತ್ತೆ, 2.5 ಚದರ ಮಿಲಿಮೀಟರಿನದ್ದು ತನ್ನಿ. ಜಾಯಿಂಟುಗಳನ್ನ ಕ್ರಿಂಪ್ ಮಾಡಿ (ಲೋಹದ ತೊಟ್ಟಿನಲ್ಲಿಟ್ಟು ಇಕ್ಕಳದಲ್ಲಿ ಒತ್ತಿ), ಒಳಗೆ ಗೋಂದಿರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕೊಳವೆ ಹಾಕಿ, ನೀರು ಮುಟ್ಟದಷ್ಟು ಮೇಲೆ ಕ್ಲಿಪ್ ಹೊಡೆಯಿರಿ. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ, ಎಷ್ಟು ಆಂಪಿಯರ್ ಅಂತ ಪಂಪಿನ ಮೇಲೇ ಬರೆದಿರುತ್ತೆ. ಕಸ ಸಿಕ್ಕಿ ಪಂಪು ತಿರುಗದೆ ನಿಂತರೆ ವೈರಿಗೆ ಬೆಂಕಿ ಹತ್ತದ ಹಾಗೆ ಕಾಯೋದು ಅದೊಂದೇ. ಫ್ಲೋಟಿನ ವೈರು ಮೇನ್ ಸ್ವಿಚ್ ದಾಟದೆ ನೇರ ಬ್ಯಾಟರಿಯಿಂದ ಬರಬೇಕು. ಇಲ್ಲದಿದ್ದರೆ ನೀವು ಎಲ್ಲ ಆಫ್ ಮಾಡಿ ಮನೆಗೆ ಹೋದ ರಾತ್ರಿಯೇ ಅದಕ್ಕೆ ಕೆಲಸ ಬೀಳುತ್ತೆ. ಪ್ಲಸ್ಸು ಮೈನಸ್ಸು ಅದಲು ಬದಲಾದರೂ ಇಂಥ ಪಂಪು ತಿರುಗುತ್ತೆ, ಉಲ್ಟಾ ತಿರುಗುತ್ತೆ, ನೀರು ಮಾತ್ರ ನೂಲಿನ ಹಾಗೆ ಬರುತ್ತೆ. ಹೊಸ ಪಂಪು ಡಲ್ ಅನ್ನಿಸಿದರೆ ಮೊದಲು ಇದನ್ನ ನೋಡಿ. ಮತ್ತೆ ಪೆಟ್ರೋಲ್ ಕ್ಯಾನನ್ನ ಪಂಪು, ಸ್ವಿಚ್ಚಿನ ಹತ್ತಿರ ಇಡಬೇಡಿ, ಅದರ ಆವಿ ಕೆಳಗೇ ಇಳಿದು ಕೂರುತ್ತೆ.

ಬ್ಯಾಟರಿ ಲೆಕ್ಕ ಸುಲಭ. ದಿನಾ 100 ಮಿಲಿಮೀಟರ್ ಮಳೆ ಅಂದರೂ ಪಂಪು ಅರ್ಧ ಗಂಟೆ ಓಡುತ್ತೆ, ಒಂದೂಕಾಲು ಆಂಪಿಯರ್ ಅವರ್. 35ರ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸೋದು ಅಂದರೂ ಎರಡು ವಾರ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರಲ್ಲ, ಮನೆಗೆ ಹೊತ್ತು ಚಾರ್ಜ್ ಮಾಡೋದನ್ನ ನಂಬಬೇಡಿ. 20 ವ್ಯಾಟಿನ ಸೋಲಾರ್ ಪ್ಯಾನೆಲ್, ಚಾರ್ಜ್ ಕಂಟ್ರೋಲರ್ ಸಹಿತ ಹಾಕಿ. ಮೋಡ ಕವಿದ ದಿನ ಅದು ಕೊಡೋದು ಕಡಿಮೆಯೇ, ಆದರೆ ನಮಗೆ ಬೇಕಾಗಿರೋದೂ ಕಡಿಮೆ.

ಕೊನೆಗೆ ನೀರು ಹೊರಗೆ ಬೀಳೋ ತೂತು. ಇದನ್ನ ತುಂಬಾ ಜನ ಕೆಳಗೆ ಕೊರೀತಾರೆ, ಪೈಪು ಉಳಿಯುತ್ತೆ ಅಂತ. ನಾಲ್ಕು ಜನ ಹತ್ತಿ ದೋಣಿ ಒಂದು ಬದಿಗೆ ವಾಲಿ ಆ ಬಾಯಿ ನೀರಲ್ಲಿ ಮುಳುಗಿತು ಅನ್ನಿ, ಪಂಪು ನಿಂತ ತಕ್ಷಣ ಅದೇ ಪೈಪಿನಲ್ಲಿ ಕೆರೆ ಒಳಗೆ ಬರುತ್ತೆ. ದೋಣಿಯ ಅಂಚಿನ ಕೆಳಗೆ ಎಷ್ಟು ಮೇಲೆ ಸಾಧ್ಯವೋ ಅಷ್ಟು ಮೇಲೆ ಕೊರೆಯಿರಿ. ಪೈಪು ಪಂಪಿನಿಂದ ಏರ್ತಾನೇ ಹೋಗಿ, ಅಂಚಿನ ಒಳಮಗ್ಗುಲಲ್ಲಿ ಒಂದು ಬಾಗು ತಗೊಂಡು ಆ ಬಾಯಿಗೆ ಇಳಿಯಲಿ. ನಡುವೆ ಎಲ್ಲೂ ತಗ್ಗು ಬೇಡ, ತಗ್ಗಿದ್ದರೆ ನೀರು ನಿಂತು ಗಾಳಿ ಕಟ್ಟುತ್ತೆ. ಪಂಪಿನ ಬಾಯಿಯ ಅಳತೆಗಿಂತ ಸಣ್ಣ ಪೈಪು ಬೇಡ, ತುದಿಗೆ ಎರಡೆರಡು ಸ್ಟೀಲ್ ಕ್ಲಿಪ್ಪು. ಕೊರೆಯುವಾಗ ಹೊರಗಡೆಯಿಂದ, ಟೇಪು ಅಂಟಿಸಿ, ಡ್ರಿಲ್ಲನ್ನ ಮೊದಲು ಉಲ್ಟಾ ತಿರುಗಿಸಿ. ಹೋಲ್‌ಸಾ (ದುಂಡಗೆ ತೂತು ಕೊರೆಯುವ ಗರಗಸದ ಬಿಟ್ಟು) ಮೇಲಿನ ಬಣ್ಣದ ಪದರವನ್ನ ಗೀಚಿದ ಮೇಲೆ ಸುಲ್ಟಾ ಮಾಡಿ, ಚಕ್ಕೆ ಏಳಲ್ಲ. ಕೊರೆದ ತೂತಿನ ಒಳಗೋಡೆಯಲ್ಲಿ ಮರ ಕಂಡರೆ ಎಪಾಕ್ಸಿ ಬಳಿದು ಮುಚ್ಚಿ. ಸುತ್ತ ದೋಣಿಗೇ ಅಂತ ಬರುವ ಪಾಲಿಯುರೇಥೇನ್ ಸೀಲಂಟ್ ಹಾಕಿ, ಅದು ಪೂರ್ತಿ ಗಟ್ಟಿಯಾಗೋವರೆಗೂ ನೀರಿಗೆ ಇಳಿಸಬೇಡಿ.

ಇನ್ನೊಂದು ಮಾತು, ಮೋಟಾರಿನಿಂದ ಎಣ್ಣೆ ಸೋರಿದ ದಿನ ಪಂಪನ್ನ ಆಟೋದಲ್ಲಿ ಬಿಡಬೇಡಿ. ಹಳೇ ಬಟ್ಟೆಯಲ್ಲಿ ಎಣ್ಣೆ ಹೀರಿಸಿ ತೆಗೆದ ಮೇಲೆ ಆನ್ ಮಾಡಿ. ನಿಮ್ಮ ಕೆರೆಯ ಕೋಡಿ ಎಲ್ಲಿಗೆ ಹೋಗಿ ಸೇರುತ್ತೆ ಅಂತ ನಿಮಗೇ ಗೊತ್ತು, ಸಿದ್ದಾಪುರದಿಂದ ಕಾವೇರಿ ದೂರವೇನಲ್ಲ. ಒಂದು ಕೈ ಪಂಪು, ಒಂದು ಬಕೆಟ್ಟು ದೋಣಿಯಲ್ಲೇ ಕಟ್ಟಿಟ್ಟಿರಿ.

ಎಲ್ಲ ಮುಗಿದ ಮೇಲೆ ಆ 20 ಲೀಟರ್ ಬಕೆಟ್ಟಿನ ಪರೀಕ್ಷೆ ಮಾಡಿ ಸೆಕೆಂಡು ಬರೆದಿಡಿ. ನಾನು ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೀತೀನಿ: 52, 53, 52, 61. ಆ 61 ಕಂಡ ದಿನ ಜಾಲರಿ ಬಿಚ್ಚಿದೆ, ಒಳಗೆ ಒಂದು ಇಂಬಳ ಸುತ್ತಿಕೊಂಡು ಕೂತಿತ್ತು. ತೆಗೆದ ಮೇಲೆ ಮತ್ತೆ 52.