ಇಂಗ್ಲೆಂಡಿನಲ್ಲಿ ಯಾವ ಬೆನಿಫಿಟ್ ನಮ್ಮದು, ಯಾವುದು ಅಲ್ಲ

ಮಂಡ್ಯದಿಂದ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ (ಅಲ್ಲಿನ ಕಂಪನಿ ಕೆಲಸ ಕೊಟ್ಟು ಕರೆಸಿಕೊಳ್ಳೋ ವೀಸಾ) ಮನೆಯವರು, ಮಗು ಸಮೇತ ಹೊರಟಿದ್ದೀರಿ. "ಅಲ್ಲಿ ಮಗೂಗೆ ಸರ್ಕಾರವೇ ದುಡ್ಡು ಕೊಡುತ್ತಂತೆ, ನಮಗೂ ಬರುತ್ತಾ? ವಲಸೆ ಬಂದವರೇ ಎಲ್ಲಾ ಬಾಚ್ಕೊಳ್ತಾರೆ ಅಂತಾರಲ್ಲ, ನಿಜವಾ?" ಅಂತ ಕೇಳಿದ್ದೀರಿ.

ಬರಲ್ಲ. ನಿಮ್ಮ ವೀಸಾದಲ್ಲೇ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್", ಅಂದರೆ ಪಬ್ಲಿಕ್ ಫಂಡ್ ಅಂತ ಪಟ್ಟಿ ಮಾಡಿರೋ ಸರ್ಕಾರಿ ಭತ್ಯೆಗಳನ್ನ ತಗೊಳ್ಳೋ ಹಾಗಿಲ್ಲ ಅನ್ನೋ ಷರತ್ತಿರುತ್ತೆ. ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಡಿಮೆ ಇದ್ದವರಿಗೆ ಕೊಡೋ ಭತ್ಯೆ), ಚೈಲ್ಡ್ ಬೆನಿಫಿಟ್ (ಮಗುವಿನ ಹೆಸರಲ್ಲಿ ಕೊಡೋ ಹಣ), ಹೌಸಿಂಗ್ ಬೆನಿಫಿಟ್ (ಬಾಡಿಗೆಗೆ ನೆರವು) ಎಲ್ಲ ಅದರೊಳಗೆ ಬರುತ್ತವೆ. ಜನ ಎಡವೋದು ಚೈಲ್ಡ್ ಬೆನಿಫಿಟ್‌ನಲ್ಲಿ. ಆಫೀಸಿನವರು "ಎಲ್ಲರೂ ತಗೋತಾರೆ" ಅಂದರು ಅಂತ ಅರ್ಜಿ ಹಾಕಿಬಿಡ್ತಾರೆ. ಮಗು ಇಲ್ಲೇ ಹುಟ್ಟಿದ್ದರೂ ಅರ್ಜಿದಾರರು ನೀವು, ಷರತ್ತು ನಿಮ್ಮ ಮೇಲಿದೆ. ಹಣ ವಾಪಸ್ ಕಟ್ಟೋದಕ್ಕೇ ಮುಗಿಯಲ್ಲ, ಮುಂದಿನ ವೀಸಾ ಅರ್ಜಿಗೂ ಅದು ಅಡ್ಡ ಬರಬಹುದು. ಮನೆ ಮೇಲೆ ಸ್ಥಳೀಯ ಆಡಳಿತಕ್ಕೆ ಕಟ್ಟೋ ಕೌನ್ಸಿಲ್ ಟ್ಯಾಕ್ಸ್‌ನಲ್ಲೂ ಹುಷಾರು: ಆದಾಯ ಕಡಿಮೆ ಅಂತ ಕೊಡೋ ಕಡಿತ ನಿಮಗಿಲ್ಲ. ಮನೇಲಿ ದೊಡ್ಡವರು ಒಬ್ಬರೇ ಇದ್ದರೆ ಕೊಡೋ ಶೇ. 25 ರಿಯಾಯಿತಿ ಮಾತ್ರ ಯಾರು ಬೇಕಾದರೂ ಪಡೀಬಹುದು.

ಬಾಚ್ಕೊಳ್ಳೋ ಮಾತು ನನಗೆ ನಿಜಕ್ಕೂ ನೋವು ಕೊಡುತ್ತೆ. ಇಲ್ಲಿನ ಕಲ್ಯಾಣ ಖರ್ಚಿನಲ್ಲಿ ಅತಿ ದೊಡ್ಡ ಬಾಬ್ತು ವಯಸ್ಸಾದವರ ಸ್ಟೇಟ್ ಪೆನ್ಷನ್. ದುಡಿಯೋ ವಯಸ್ಸಲ್ಲಿ ಬಂದವರು ಆ ಸಾಲಿನಲ್ಲೇ ಇರಲ್ಲ. ಇನ್ನು "ಹೊರದೇಶದಲ್ಲಿ ಹುಟ್ಟಿದವರು" ಅಂತ ಒಟ್ಟಿಗೆ ಎಣಿಸಿದರೆ ನಿರಾಶ್ರಿತರು, ಪೌರತ್ವ ಪಡೆದು ಮೂವತ್ತು ವರ್ಷ ಆದವರು, ನೀವು, ಎಲ್ಲರೂ ಒಂದೇ ಮೂಟೆ. ಆದಾಯ ತೆರಿಗೆ ಕಟ್ಟೋ ಮನೆಗಳಿಗೆ ಗೃಹಲಕ್ಷ್ಮಿ ಇಲ್ಲ ಅನ್ನೋದನ್ನೇ ಮರೆತು, ಯಾವ ಬೀದಿಯವರು ಹೆಚ್ಚು ತಗೊಂಡರು ಅಂತ ಲೆಕ್ಕ ಹಾಕಿದ ಹಾಗೆ. ಯಾವ ಭತ್ಯೆ, ಯಾವ ವಯಸ್ಸು, ಯಾವ ವೀಸಾ ಅಂತ ಮೊದಲು ಕೇಳಿ.

ದುಡಿಮೆಯ ಮೇಲೆ ಬರೋದನ್ನ ಮಾತ್ರ ಹೆದರಿ ಬಿಡಬೇಡಿ. ವರ್ಷಕ್ಕೆ 12,570 ಪೌಂಡ್ ದಾಟಿದ ಸಂಬಳದ ಭಾಗದಲ್ಲಿ, 50,270ರವರೆಗೆ, ಶೇ. 8 ನ್ಯಾಷನಲ್ ಇನ್ಶೂರೆನ್ಸ್‌ಗೆ (ಪೆನ್ಷನ್ ಥರದ ಸೌಲಭ್ಯಗಳಿಗೆ ಕಟ್ಟೋ ಕಂತು) ಮುರ್ಕೋತಾರೆ, ಇಲ್ಲಿಯವರಿಗೂ ಅದೇ ದರ. ಸಿಕ್ ಪೇ, ಮೆಟರ್ನಿಟಿ ಪೇ ಪಬ್ಲಿಕ್ ಫಂಡ್ ಅಲ್ಲ. ಹೆರಿಗೆಗೆ 39 ವಾರ ಸಿಗುತ್ತೆ, ಮೊದಲ 6 ವಾರ ಸರಾಸರಿ ಸಂಬಳದ ಶೇ. 90. ಆದರೆ ಹೆರಿಗೆ ವಾರಕ್ಕಿಂತ 15 ವಾರ ಮುಂಚೆಗೆ ಅದೇ ಕಂಪನಿಯಲ್ಲಿ 26 ವಾರ ಆಗಿರಬೇಕು, ಕೆಲಸ ಬದಲಿಸಿದವರು ಇಲ್ಲೇ ಕಳ್ಕೊಳ್ಳೋದು. ಸ್ಟೇಟ್ ಪೆನ್ಷನ್‌ಗೆ ಕನಿಷ್ಠ 10 ವರ್ಷದ ಕಂತು ಬೇಕು. ಸರ್ಕಾರಿ ಶಾಲೆ ಉಚಿತ.

ಆಸ್ಪತ್ರೆಯದು ನೀವು ಮೊದಲೇ ಕಟ್ಟಿರ್ತೀರಿ: ಹೆಲ್ತ್ ಸರ್ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಗುವಿಗೆ 776. ನಿಮ್ಮ ಮೂವರಿಗೆ 3 ವರ್ಷಕ್ಕೆ 8,538. ಕಂತಿಲ್ಲ, ವೀಸಾ ಅರ್ಜಿ ಹಾಕೋವಾಗಲೇ ಪೂರ್ತಿ. ನಿಮ್ಮಲ್ಲಿ ಯಾರಾದರೂ ನರ್ಸ್ ಆಗಿದ್ದು ಹೆಲ್ತ್ ಅಂಡ್ ಕೇರ್ ವೀಸಾ ಸಿಗೋ ಹಾಗಿದ್ದರೆ ಇಡೀ ಕುಟುಂಬಕ್ಕೆ ಈ ಶುಲ್ಕವೇ ಇಲ್ಲ, ಹಣ ಕಟ್ಟೋ ಮೊದಲು ಅದನ್ನ ಕಂಪನಿಯವರ ಹತ್ತಿರ ಕೇಳಿಕೊಳ್ಳಿ.